ಅರ್ಗಿರೋ ಮತ್ತು ಓಟದ ಹಗ್ಗ

ಬಾಯಲ್ಲಿ ಕಟ್ಟುದಾರ ಕಚ್ಚಿಕೊಂಡು ದ್ರಾಕ್ಷಿಯ ಎಳೆಬಳ್ಳಿಗಳನ್ನು ತಂತಿಗೆ ಬಿಗಿಯುತ್ತಿದ್ದ ಅರ್ಗಿರೋ, ಸಾಲಿನ ಕೊನೆ ಮುಟ್ಟಿದ್ದೇ ತಡ, ಬೂಟು ಕಳಚಿದಳು. ಕೆಂಪು ಮಣ್ಣಿಗೆ ಎರಡೂ ಕೈಯೂರಿ, ಸೊಂಟ ಮೇಲೆತ್ತಿ, ಟೀವಿಯ ಓಟಗಾರರಂತೆ ಕುಕ್ಕರಿಸಿ, ಅಲ್ಲಿಂದ ಎದುರಿನ ಆಲಿವ್ ಮರದವರೆಗೆ ಬರಿಗಾಲಲ್ಲಿ ಓಡಿದಳು. ಅರವತ್ತು ದಾಟಿದ ಹೆಂಗಸು. ಪಕ್ಕದ ಸಾಲಿನಿಂದ ಗಂಡ ಸ್ತಾಥಿಸ್ ಕೂಗಿದ:

"ಬಳ್ಳಿ ಕಟ್ತೀಯೋ, ಮೊಲ ಹಿಡೀತೀಯೋ?"

"ಮೊಲಾನ ನಾಳೆ ಹಿಡೀತೀನಿ. ನಿನ್ನ ತಂಗಿ ಅನ್ನೋ ಮೊಲಾನ!"

ನಾಳೆ ಅವರೂರು ನೆಮೇಯಾದ ಹಳೆಯ ಓಟದ ಬಯಲಿನಲ್ಲಿ ಸ್ಪರ್ಧೆ. ನಾಲ್ಕು ವರ್ಷಕ್ಕೊಮ್ಮೆ ಊರವರೂ ಪರದೇಶದವರೂ ಬಿಳಿ ನಿಲುವಂಗಿ ತೊಟ್ಟು, ಪುರಾತನರು ಓಡಿದ ಅದೇ ನೆಲದ ಮೇಲೆ ಬರಿಗಾಲಲ್ಲಿ ಓಡುತ್ತಾರೆ. ಹಿಂದಿನ ಸಲ ಹೀಗೇ ಕೈಯೂರಿ ಕೂತಿದ್ದ ಅರ್ಗಿರೋ ಒಂದು ಹೆಜ್ಜೆಯನ್ನೂ ಓಡಲಿಲ್ಲ. ಓಟಗಾರರ ಮುಂದೆ ಮೊಣಕಾಲೆತ್ತರಕ್ಕೊಂದು, ಸೊಂಟದೆತ್ತರಕ್ಕೊಂದು ಹಗ್ಗ ಬಿಗಿದಿರುತ್ತಾರೆ. ಸೂಚನೆ ಸಿಕ್ಕಿದೊಡನೆ ಎರಡೂ ನೆಲಕ್ಕೆ ಬೀಳಬೇಕು. ಬಿದ್ದವು. ಜೊತೆಗೆ ಅರ್ಗಿರೋ ಕೂಡ ಬಿದ್ದಳು, ಕೊರಳ ಮೇಲೆ ಹಗ್ಗ ಹೇರಿಕೊಂಡು. ನಿಂತಲ್ಲಿಂದಲೇ ಹೊರಟು ಎರಡನೆಯವಳಾದ ನಾದಿನಿ ಎವ್ದೊಕಿಯಾ ಈ ಕಥೆಯನ್ನು ಬೇಕರಿಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ, ಕಂಡವರ ಮದುವೆಯೂಟದಲ್ಲಿ ಹಂಚಿದಳು: "ನಮ್ಮತ್ತಿಗೆ ಮೇಕೆ ಥರ ಕಟ್ಟಿಸ್ಕೊಂಡ್ಳು."

ಹಗ್ಗ ಬಿಡುವವರು ತಡ ಮಾಡಿದರು ಎಂಬುದು ಅರ್ಗಿರೋಳ ವಾದ. ಯಾರೂ ನಂಬಿರಲಿಲ್ಲ, ಈಚೀಚೆಗೆ ಅವಳಿಗೂ ನಂಬಿಕೆ ಉಳಿದಿರಲಿಲ್ಲ. ನಾಳೆಯೂ ಬಿದ್ದರೆ ಇನ್ನೂ ನಾಲ್ಕು ವರ್ಷ ಮೇಕೆಯಾಗಿಯೇ ಬದುಕಬೇಕು. ಆ ಹಗ್ಗದ ಮರ್ಮ ತಿಳಿಯಬೇಕೆಂದರೆ ಇದ್ದದ್ದು ಒಂದೇ ಜಾಗ, ಪ್ರಾಚೀನ ಸ್ಪರ್ಧೆಗಳ ಮ್ಯೂಸಿಯಂ. ಪರದೇಶದವರು ಬಸ್ಸುಗಟ್ಟಲೆ ಬರುವ ಆ ಕಟ್ಟಡದೊಳಗೆ ಅವಳು ಇದುವರೆಗೆ ಕಾಲಿಟ್ಟಿರಲಿಲ್ಲ.

ಅಂದೇ ಮಧ್ಯಾಹ್ನ ಹೋದಳು. ಬಾಗಿಲಲ್ಲಿ ಕಾವಲುಗಾರ ಪೊಲಿಹ್ರೋನಿಸ್, ಅವಳ ತಮ್ಮನ ಸಹಪಾಠಿ.

"ಹಗ್ಗ ನೋಡೋಕ್ ಬಂದ್ಯಾ ಅಕ್ಕ? ಬಲಗಡೆ ಕೋಣೆ. ಕೊರಳು ಹುಷಾರು."

"ನಿಂಗೂ ಹೇಳಿದ್ಲಾ ಅವ್ಳು!"

"ಹೇಳೋದ್ಯಾಕೆ? ನಾನೇ ನೋಡಿದ್ನಲ್ಲ."

ಮೈಗೆ ಹಚ್ಚಿದ ಎಣ್ಣೆ ಕೆರೆಯುವ ಕಂಚಿನ ಬಾಗುಪಟ್ಟಿಗಳು, ನೆಗೆಯುವವರು ಕೈಯಲ್ಲಿ ಹಿಡಿಯುತ್ತಿದ್ದ ಕಲ್ಲುಗಳು. ಅವಳು ಎಲ್ಲವನ್ನೂ ದಾಟಿ ನಡೆದಳು. ಹಗ್ಗದ ಮಾದರಿಯ ಪಕ್ಕದ ಗಾಜಿನೊಳಗೆ ಅಂಗೈಯಷ್ಟು ಎತ್ತರದ ಕಂಚಿನ ಓಟಗಾರನಿದ್ದ. ಇನ್ನೇನು ಹೊರಡಲಿದ್ದಾನೆ, ಆದರೆ ನಿಂತಿದ್ದಾನೆ. ಪಾದಗಳು ಹತ್ತಿರ ಹತ್ತಿರ, ಮಂಡಿ ಚೂರು ಬಾಗಿದೆ, ಕೈಗಳು ಮುಂದೆ ಚಾಚಿವೆ. ಪಕ್ಕದ ಹಳೆಯ ಹೂಜಿಯೊಂದರ ಮೇಲಿನ ಚಿತ್ರದಲ್ಲಿದ್ದವನೂ ಹಾಗೆಯೇ ನಿಂತಿದ್ದ. ಕುಕ್ಕರಿಸಿದವನೊಬ್ಬನಾದರೂ ಸಿಕ್ಕಾನೆಂದು ಗಾಜಿನಿಂದ ಗಾಜಿಗೆ ಹುಡುಕಿದಳು. ಒಬ್ಬನೂ ಇಲ್ಲ. ಮಾದರಿಯ ಮುಂದೆ ಬಗ್ಗಿ, ಎರಡು ಹಗ್ಗಗಳ ನಡುವಿನ ಸಂದಿ ನೋಡಿದಳು. ಕೈಯೂರಿ ಕೂತರೆ ತಲೆ ಎಲ್ಲಿ ಬರುತ್ತದೆ ಎಂದು ಲೆಕ್ಕ ಹಾಕಿದಳು.

"ಅಯ್ಯೋ ದೇವ್ರೇ! ತಲೆ ತೂರ್ಸಿದ್ದು ನಾನೇ! ಮೇಲಿನ ಹಗ್ಗ ಇನ್ನೆಲ್ಲಿಗ್ ಬೀಳುತ್ತೆ?"

ಅವಳ ನಗು ಕೋಣೆ ತುಂಬಿತು. ಪೊಲಿಹ್ರೋನಿಸ್ ಓಡಿಬಂದ. ಅಷ್ಟರಲ್ಲಿ ಅವಳು ಚಪ್ಪಲಿ ಬಿಟ್ಟು, ಪಾದ ಜೋಡಿಸಿ, ಕೈ ಚಾಚಿ ಕಂಚಿನವನಂತೆಯೇ ನಿಂತಾಗಿತ್ತು. ಭಾಷೆ ಬಾರದ ಇಬ್ಬರು ದಪ್ಪ ಪ್ರವಾಸಿ ಹೆಂಗಸರು, ಇದೂ ಟಿಕೆಟ್ಟಿನಲ್ಲಿ ಸೇರಿದ್ದೆಂದು ತಿಳಿದು, ಪಕ್ಕದಲ್ಲಿ ಹಾಗೆಯೇ ನಿಂತರು. ಪೊಲಿಹ್ರೋನಿಸ್ ಮೂಲೆಯ ಕೊಡೆ ಎತ್ತಿಕೊಂಡು ತೀರ್ಪುಗಾರನಾದ.

"ಪಾದದ ಪಕ್ಕ ಪಾದ! ಸಿದ್ಧ! ಹೊರಡಿ!"

ಮೂವರೂ ಚಿಮ್ಮಿದರು. ಅರ್ಗಿರೋ ಎಲ್ಲರಿಗಿಂತ ಮುಂದೆ.

"ಹೂಜಿ! ಹೂಜಿ! ನನ್ ಕೆಲ್ಸ ಹೋಗುತ್ತೆ ಕಣಕ್ಕ!"

ಗೋಡೆ ಹಿಡಿದು ಏದುಸಿರು ಬಿಡುತ್ತಿದ್ದಾಗ ಫೋನ್ ಬಡಿದುಕೊಂಡಿತು. ಎವ್ದೊಕಿಯಾ.

"ಅತ್ತಿಗೆ, ನಾಳೆ ನಾನೂ ಟೀವಿಯವ್ರ ಥರ ಕೈಯೂರಿ ಹೊರಡೋದು. ತಿಂಗಳಿಂದ ಕಲ್ತಿದೀನಿ. ನಿಂಗೆ ನನ್ ಬೆನ್ನೂ ಕಾಣಲ್ಲ!"

ಅರ್ಗಿರೋ ಫೋನನ್ನು ಎದೆಗೊತ್ತಿಕೊಂಡಳು. ಎವ್ದೊಕಿಯಾಳ ಕೊರಳ ಮೇಲೆ ಹಗ್ಗ, ಮುಂದಿನ ನಾಲ್ಕು ವರ್ಷದ ಮದುವೆಯೂಟಗಳು: ಎಲ್ಲವೂ ಒಮ್ಮೆಲೇ ಕಣ್ಣ ಮುಂದೆ ಬಂದವು. ಬಾಯಿ ಸಿಹಿಯಾಯಿತು. ಸುಮ್ಮನಿದ್ದರೆ ಸಾಕಿತ್ತು.

"ಹೇಳ್ತೀಯಾ?" ಪೊಲಿಹ್ರೋನಿಸ್ ಪಿಸುಗುಟ್ಟಿದ.

"ತಡಿಯೋ, ಇನ್ನೊಂಚೂರು ಸುಖಪಡ್ತೀನಿ." ಆಮೇಲೆ ಫೋನಿಗೆ ಹೇಳಿದಳು: "ಎವ್ದೊಕಿಯಾ, ಮ್ಯೂಸಿಯಂಗೆ ಬಾ. ಈಗ್ಲೇ."

"ಯಾಕೆ, ಸೋಲು ಒಪ್ಕೊಳ್ಳೋಕಾ?"

"ಬಾರೇ ಮೇಕೆ! ಬಿದ್ದೋಳನ್ನ ದಾಟಿ ಹೋದ್ರೆ ಅದೇನ್ ಗೆಲುವು? ನಿನ್ನ ಓಡ್ಸೇ ಸೋಲಿಸ್ಬೇಕು ನಾನು."

ಎವ್ದೊಕಿಯಾ ಅಡುಗೆಯ ಏಪ್ರನ್ನಿನಲ್ಲೇ ಬಂದಳು. ಕಂಚಿನವನನ್ನು ನೋಡಿದಳು, ಹಗ್ಗವನ್ನು ನೋಡಿದಳು, ತನ್ನ ಕೊರಳನ್ನೊಮ್ಮೆ ಮುಟ್ಟಿಕೊಂಡಳು.

ಮರುದಿನ ಸಂಜೆ ಹಗ್ಗ ಬಿದ್ದಾಗ ಇಬ್ಬರೂ ನಿಂತೇ ಹೊರಟರು. ಎವ್ದೊಕಿಯಾ ಮೂರನೆಯವಳಾಗಿ ಗೆರೆ ಮುಟ್ಟಿದಳು, ಅರ್ಗಿರೋ ನಾಲ್ಕನೆಯವಳಾಗಿ.