ಸಿಂಹ ನೋಡಲು ಸರಿಯಾದ ತಿಂಗಳು

ಬಸಲಿಂಗಪ್ಪನವರು ಹಂಚೊಂದನ್ನು ಕಿವಿಯ ಹತ್ತಿರ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿದರು. ಚೆನ್ನಾಗಿ ಬೆಂದ ಹಂಚು ಕಂಚಿನಂತೆ ನುಡಿಯುತ್ತದೆ. ಇದು ನುಡಿಯಿತು.

"ಹಂಚಿಂದಿರಲಿ ಸಾವ್ಕಾರ್ರ, ಆಫ್ರಿಕಾಕ್ಕ ಯಾವಾಗ ಹೊಂಟ್ರಿ?" ಎಂದರು ಬೆಂಚಿನ ಮೇಲಿದ್ದ ಅವಧೂತರಾಯರು. ಅರಣ್ಯ ಇಲಾಖೆಯಿಂದ ನಿವೃತ್ತರಾದ ಅವರಿಗೆ ಬಸಲಿಂಗಪ್ಪನವರ ಈ ಹಂಚಿನ ಭಟ್ಟಿಯಲ್ಲಿ ದಿನವೂ ಚಹಾ ಆಗುತ್ತಿತ್ತು.

"ಜುಲೈದಾಗ."

ಇದು 1983ರ ಫೆಬ್ರುವರಿ. ಬಸಲಿಂಗಪ್ಪನವರ ಮಗಳು ಕಾಂತಾ ನೈರೋಬಿಯಲ್ಲಿದ್ದಳು. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಲ್ಲಿ ಎಂಜಿನಿಯರ್ ಆಗಿದ್ದ ಅಳಿಯನಿಗೆ ಆ ಊರಿನಲ್ಲಿ ಕೆಲಸ ಸಿಕ್ಕಿತ್ತು. ಕಾಂತಾಳಿಗೆ ಆಗಸ್ಟಿನಲ್ಲಿ ಹೆರಿಗೆ. ಚೊಚ್ಚಲ ಹೆರಿಗೆ ತವರಿನಲ್ಲಾಗುವುದು ರೂಢಿ. ಆದರೆ ಅವಳಿಗೆ ಡಾಕ್ಟರು ವಿಮಾನ ಹತ್ತಬಾರದು ಎಂದಿದ್ದರು. ಹಾಗಾಗಿ ತಾಯಿ ಚಂದ್ರವ್ವನೇ ಹೋಗಬೇಕಿತ್ತು. ಮಗಳನ್ನು ಕರೆಸಿಕೊಳ್ಳಲಾಗದೆ ಅಳಿಯನ ಮನೆಗೆ ಬಾಣಂತನಕ್ಕೆ ಹೋದರು ಎಂದು ಜನ ಆಡಿಕೊಂಡಾರೆಂದು ಅಂಜಿ, ಬಸಲಿಂಗಪ್ಪನವರು ಸಿಂಹ ನೋಡಲು ಸಫಾರಿಗೆ ಹೊರಟಿದ್ದೇವೆಂದು ಊರಿಗೆಲ್ಲ ಹೇಳಿಬಿಟ್ಟಿದ್ದರು.

ಖಾನಾಪುರದಲ್ಲಿ ಆಫ್ರಿಕಾ ನೋಡಿದವರು ಯಾರೂ ಇರಲಿಲ್ಲ. ಅಭಿಪ್ರಾಯಕ್ಕೆ ಮಾತ್ರ ಕೊರತೆಯಿರಲಿಲ್ಲ.

"ಜುಲೈದಾಗ ಅಡವ್ಯಾಗ ಜಿಗಣಿ ಬಿಟ್ಟು ಏನ್ ಕಾಣ್ತದರಿ?" ಎಂದರು ಅವಧೂತರಾಯರು. "ಎಪ್ರಿಲ್‌ದಾಗ ಹೋಗ್ರಿ. ಕೆರಿ ಬತ್ತಿರ್ತಾವ. ಇದ್ದೊಂದು ನೀರಿಗೆ ಎಲ್ಲಾ ಪ್ರಾಣಿ ಬರಬೇಕು."

"ಅಲ್ಲಿ ಮಳಿ ಎಪ್ರಿಲ್‌ದಾಗಂತ್ರಿ. ಜುಲೈದಾಗ ಒಣಾ ಹವಾ. ಆಗ ಪ್ರಾಣಿ ಹಿಂಡಹಿಂಡ ಹೊಳಿ ದಾಟ್ತಾವಂತ. ನಮ್ಮ ಅಳಿಯಾ ಹೇಳ್ಯಾನ."

"ನಿಮ್ಮ ಅಳಿಯಾ ಕಬ್ಬಿಣ ಕರಗಿಸಾಂವ. ಅವಗ ಅಡವಿ ಏನ್ ತಿಳೀತದ? ಜುಲೈದಾಗ ಮಳಿ ಇಲ್ಲದ ದೇಶ ಇರ್ತದೇನ್ರಿ?"

ಚಹಾ ಕುಡಿಯುತ್ತಿದ್ದ ಕೆಲಸಗಾರರು ನಕ್ಕರು. ಸಫಾರಿಯೆಂಬ ಸುಳ್ಳನ್ನು ಇಡೀ ಊರು ನಂಬಿತ್ತು. ಮಳೆಯ ವಿಷಯದಲ್ಲಿ ಸಾವ್ಕಾರರು ಹೇಳಿದ ನಿಜವನ್ನು ಮಾತ್ರ ಯಾರೂ ನಂಬಲಿಲ್ಲ. ವಾರದೊಳಗೆ ಬಸ್ ಸ್ಟ್ಯಾಂಡಿನಲ್ಲಿ, ಕಟಿಂಗ್ ಅಂಗಡಿಯಲ್ಲಿ, ಮದುವೆಯ ಪಂಕ್ತಿಯಲ್ಲಿ ಎಪ್ರಿಲ್ ನಿರ್ಧಾರವಾಯಿತು. ಎದುರಾಡಿದರೆ ಕಾರಣ ಹೇಳಬೇಕಾದೀತೆಂದು ಬಸಲಿಂಗಪ್ಪನವರೂ ತಲೆಯಾಡಿಸತೊಡಗಿದರು.

ವೀಸಾ ಸಿಗುತ್ತಿದ್ದುದು ಮೂರು ತಿಂಗಳಿಗೆ. ಎಪ್ರಿಲ್‌ನಲ್ಲಿ ಹೋದವರು ಹೆರಿಗೆಗೆ ಮೊದಲೇ ಮರಳಬೇಕಿತ್ತು. "ಹಡಿಯೂ ಹೊತ್ತಿನ್ಯಾಗ ನನ್ನ ಮಗಳ ಹತ್ರ ಯಾರರಿ ಇರೂದು?" ಎಂದು ಚಂದ್ರವ್ವ ಮನೆಯಲ್ಲಿ ಕೇಳಿದರು. "ನೋಡೂಣು" ಎಂದರು ಗಂಡ. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಈ 'ನೋಡೂಣು' ಎಂದರೆ ಏನೆಂಬುದು ಚಂದ್ರವ್ವನಿಗೆ ಗೊತ್ತಿತ್ತು.

ಟಿಕೆಟ್ ಕಾಯ್ದಿರಿಸಲು ದಂಪತಿ ಬೆಳಗಾವಿಗೆ ಹೊರಟ ದಿನ ಅವಧೂತರಾಯರು ಕರೆಯದೆಯೇ ಬಸ್ ಹತ್ತಿದರು. ಅಲ್ಲಿಯ ಟ್ರಾವೆಲ್ ಏಜೆಂಟ್ ಕುರ್ಚಿ ತೋರಿಸಿ, "ಕುಂದರ್ರಿ. ಯಾವ ತಿಂಗಳಾ?" ಎಂದು ಕೇಳಿದ.

"ಎಪ್ರಿಲ್" ಎಂದರು ಅವಧೂತರಾಯರು.

ಬಸಲಿಂಗಪ್ಪನವರು ಗೋಡೆಯ ಕ್ಯಾಲೆಂಡರ್ ನೋಡಿದರು.

"ಜುಲೈ ಬರಕೋರಿ ತಮ್ಮಾ" ಎಂದರು ಚಂದ್ರವ್ವ. "ಆಗಸ್ಟಿನ್ಯಾಗ ಮಗಳು ಹಡಿಯಾಕಿ ಅದಾಳ. ನಾ ಬಾಣಂತನಕ್ಕ ಹೊಂಟೀನಿ. ಇವರು ಚೀಲ ಹೊರಾಕ ಬರ್ತಾರ."

ಏಜೆಂಟ್ ಬರೆದುಕೊಂಡ.

"ಮತ್ತ ಸಿಂಹ?" ಎಂದರು ಅವಧೂತರಾಯರು.

"ಅದರ ಬಾಣಂತನಾ ಅದರವ್ವ ಮಾಡ್ತಾಳ್ರಿ."

ಅವಧೂತರಾಯರು ಬಸಲಿಂಗಪ್ಪನವರ ಕಡೆ ತಿರುಗಿದರು. "ಇದನ್ನ ಮೊದಲಽ ಹೇಳಬಾರದೇನ್ರಿ? ನಮ್ಮಕ್ಕ ಮಗಳ ಬಾಣಂತನಕ್ಕ ಪುಣೆದಾಗ ಅಳಿಯನ ಮನ್ಯಾಗ ಆರು ತಿಂಗಳಾ ಇದ್ದು ಬಂದಳು. ಯಾರರೆ ಏನರೆ ಅಂದಾರೇನು?"

ಮಾರನೆಯ ದಿನದಿಂದ ಊರು ಬಾಣಂತಿಗೆ ಒಯ್ಯಬೇಕಾದ ಅಂಟಿನುಂಡೆಯ ಬಗ್ಗೆ ಅಭಿಪ್ರಾಯ ಕೊಡತೊಡಗಿತು.

ದಂಪತಿ ಜುಲೈ ಕೊನೆಯಲ್ಲಿ ಮುಂಬಯಿಯಿಂದ ನೈರೋಬಿಗೆ ಹೋದರು. ಆಗಸ್ಟ್ ಎರಡನೇ ವಾರ ಕಾಂತಾಳಿಗೆ ಹೆಣ್ಣು ಮಗು ಹುಟ್ಟಿತು. ಚಂದ್ರವ್ವ ಹತ್ತಿರವೇ ಇದ್ದರು.