ಬದುವಿನ ಮೇಲೆ ಮೂರುಕಾಲಿನ ಸ್ಟ್ಯಾಂಡು

ಅಬ್ಬಾ ಅವರ ಕೈ ನಡುಗಲು ಶುರುವಾದ ಮೇಲೆ ನಮ್ಮ ಸ್ಟುಡಿಯೋದ ಕ್ಯಾಮೆರಾ ನನ್ನ ಕೊರಳಿಗೆ ಬಂತು. ಚಿತ್ತಾಪುರದಲ್ಲಿ ಒಂದೇ ಕೋಣೆಯ ಸ್ಟುಡಿಯೋ ನಮ್ಮದು. ಹಿಂದಿನ ಬಚ್ಚಲಿಗೆ ಎರಡು ಕಂಬಳಿ ಇಳಿಬಿಟ್ಟು ಅಬ್ಬಾ ಡಾರ್ಕ್‌ರೂಮ್ ಮಾಡಿಕೊಂಡಿದ್ದರು. ಫಿಲ್ಮು ತೊಳೆಯುವುದನ್ನು ಚಿಕ್ಕಂದಿನಿಂದಲೇ ಕಲಿತಿದ್ದೆ. ಹೆಣ್ಣುಮಗಳು ಊರೂರು ತಿರುಗಿ ಫೋಟೋ ತೆಗೆಯುವುದು ಓಣಿಯವರಿಗೆ ಸರಿಬರಲಿಲ್ಲ. ಆದರೆ ಹಳ್ಳಿಯ ಮನೆಗಳಲ್ಲಿ, ನಮ್ಮ ಮುಸಲ್ಮಾನರಿರಲಿ ಲಿಂಗಾಯತರಿರಲಿ, ಗಂಡಸು ಕ್ಯಾಮೆರಾ ಹಿಡಿದು ಬಂದರೆ ಒಳಗೆ ಸರಿಯುತ್ತಿದ್ದ ಹೆಂಗಸರು ನನ್ನೆದುರು ಸೆರಗು ಸರಿಮಾಡಿಕೊಂಡು ನಗುತ್ತಾ ನಿಲ್ಲುತ್ತಿದ್ದರು. ಹೀಗಾಗಿ ಕರೆಗಳು ಬರುತ್ತಲೇ ಇದ್ದವು. ಎಲ್ಲಿಗೆ ಹೋದರೂ ಅಬ್ಬಾ ಜೊತೆಗೆ ಬರುತ್ತಿದ್ದರು.

ಮದುವೆಯೋ ತೊಟ್ಟಿಲೋ ಮುಗಿದು ರೀಲಿನಲ್ಲಿ ಒಂದೆರಡು ಚಿತ್ರ ಉಳಿದರೆ ಬರುವ ದಾರಿಯಲ್ಲಿ ಕಂಡದ್ದನ್ನು ತೆಗೆಯುವುದು ನನ್ನ ಚಟವಾಯಿತು. ತೊಗರಿ ಬಡಿಯುವ ಹೆಂಗಸರು, ಪರಸಿಕಲ್ಲಿನ ಮಾಳಿಗೆಯ ಮೇಲೆ ಹರವಿದ ಮೆಣಸಿನಕಾಯಿ, ಹೊಲದಂಚಿಗೆ ಸಾಲಾಗಿ ನಿಲ್ಲಿಸಿದ ಕಲ್ಲುಹಾಸುಗಳು. "ಹೊಲದ ಫೋಟೋ ಯಾರಿಗಿ ಬೇಕು ಬೇಟಾ?" ಎಂದು ಅಬ್ಬಾ ಗೊಣಗುತ್ತಿದ್ದರು. ಆಮೇಲೆ ಅವರೇ ಸುಮ್ಮನಾದರು. ಸಿಮೆಂಟ್ ಕಾರ್ಖಾನೆಯಿದ್ದ ವಾಡಿಯ ಸುತ್ತಲಿನ ನೆಲ ಆ ವರ್ಷಗಳಲ್ಲಿ ನಮ್ಮ ಕಣ್ಣೆದುರೇ ಬದಲಾಗುತ್ತಿತ್ತು. ಒಂದು ಸಲ ಬೇವಿನ ನೆರಳಿನಲ್ಲಿ ಕೂತು ಬುತ್ತಿ ಉಂಡ ಜಾಗದಲ್ಲಿ ಮುಂದಿನ ಸಲ ಹೋದಾಗ ಆಳವಾದ ಸುಣ್ಣಕಲ್ಲಿನ ಗಣಿ ಬಾಯಿ ತೆರೆದಿರುತ್ತಿತ್ತು. ತೊಗರಿ ಎಲೆಗಳ ಮೇಲೆ ಬೂದುಬಣ್ಣದ ಧೂಳು ಕೂತಿರುತ್ತಿತ್ತು. ಯಾವುದು ಎಷ್ಟು ದಿನ ಇರುತ್ತದೋ ಎಂದು ನಾನು ಅವಸರದಿಂದ ತೆಗೆಯುತ್ತಿದ್ದೆ.

ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಗಿ ಕೆಲವು ವರ್ಷ ಕಳೆದಿದ್ದವು. ಬೇಸಿಗೆಯ ಒಂದು ಬೆಳಿಗ್ಗೆ ಹಳ್ಳಿಯೊಂದರಿಂದ ಕರೆ ಬಂತು. ಆ ಮನೆಯ ಹಿರಿಯ ಹೆಂಗಸು ತೀರಿಕೊಂಡಿದ್ದಳು. ಅವರ ಪದ್ಧತಿಯಂತೆ ಹೆಣವನ್ನು ಗೋಡೆಗೆ ಆನಿಸಿ ಕೂರಿಸಿ, ಹಣೆ ತುಂಬ ವಿಭೂತಿ ಹಚ್ಚಿ, ಹೂ ಹಾಕಿದ್ದರು. ಮಗಳು ನನ್ನ ಕೈ ಹಿಡಿದುಕೊಂಡಳು.

"ಅಕ್ಕಾ, ಅವ್ವ ಜಲ್ಮದಾಗ ಒಂದ್ ಫೋಟೋ ತೆಗೆಸ್ಕೊಂಡಾಕಿ ಅಲ್ಲ. ನಾಳಿಗಿ ನನ್ನ ಮಕ್ಕಳು ಆಯಿ ಹೆಂಗಿದ್ಳು ಅಂದ್ರ ಏನ್ ತೋರಿಸ್ಲಿ?"

ಒಳಗೆ ಬೆಳಕು ಕಡಿಮೆ. ಕಿಟಕಿ ತೆರೆಸಿ, ಉಸಿರು ಬಿಗಿಹಿಡಿದು ತೆಗೆದೆ. ಅಬ್ಬಾಗೆ ಆ ಮನೆತನ ಹಳೆಯ ಪರಿಚಯ. ಹಾಗಾಗಿ ಮಣ್ಣು ಕೊಡುವವರೆಗೂ ಇದ್ದು, ಮಧ್ಯಾಹ್ನ ಬಸ್ಸಿನ ರಸ್ತೆಗೆ ಕಾಲುದಾರಿ ಹಿಡಿದೆವು.

ದಾರಿ ಪಕ್ಕದ ಊರಿನ ಹೊಲಗಳ ನಡುವೆ ಹೋಗುತ್ತಿತ್ತು. ಆಗಷ್ಟೇ ಉತ್ತಿದ್ದ ಕಪ್ಪು ಎರಿ ಭೂಮಿ, ಅದರಾಚೆ ಕಾರ್ಖಾನೆಯ ಚಿಮಣಿ. ನಾನು ಬದುವಿನ ಮೇಲೆ ಸ್ಟ್ಯಾಂಡು ಊರಿ, ಕ್ಯಾಮೆರಾ ಕೂರಿಸಿ ಎರಡು ಚಿತ್ರ ತೆಗೆದೆ. ಮೂರನೆಯದಕ್ಕೆ ತಲೆ ಬಗ್ಗಿಸಿದಾಗ ಹಿಂದಿನಿಂದ ಕೂಗು ಕೇಳಿತು.

"ಏ, ಯಾರವರು? ಏನ್ ಅಳತಿ ಮಾಡ್ಲಿಕತ್ತೀರಿ?"

ಹತ್ತು ಹನ್ನೆರಡು ಜನ ಓಡಿಬಂದರು. ಒಬ್ಬನ ಕೈಯಲ್ಲಿ ಕುಡುಗೋಲಿತ್ತು. ಆಗ ನನಗೆ ಬದುವಿನ ತುದಿಯಲ್ಲಿದ್ದ ಸುಣ್ಣ ಬಳಿದ ಕಲ್ಲು ಕಾಣಿಸಿತು. ಹಿಂದಿನ ವಾರವಷ್ಟೇ ಗಣಿಗಾಗಿ ನೆಲ ಅಳೆಯಲು ಬಂದ ಮೋಜಣಿಯವರು ಇಂಥದೇ ಮೂರುಕಾಲಿನ ಸ್ಟ್ಯಾಂಡು ಹೂಡಿ, ಗಾಜಿನಲ್ಲಿ ನೋಡಿ, ಆ ಕಲ್ಲು ನೆಟ್ಟು ಹೋಗಿದ್ದರಂತೆ. ಇವರ ಕಣ್ಣಿಗೆ ನಾವೂ ಅವರ ಪೈಕಿಯೇ.

"ಫೋಟೋದವರು ಅದೀವ್ರಿ, ಚಿತ್ತಾಪುರದವರು," ಎಂದರು ಅಬ್ಬಾ.

"ಫೋಟೋದವರಿಗಿ ನನ್ನ ಹೊಲದಾಗ ಏನ್ ಕೆಲಸ? ಇಲ್ಲಿ ಯಾರ ಲಗ್ನ ಅದ?" ಎಂದ ಹೊಲದ ಒಡೆಯ. ಮೂವತ್ತರ ಆಸುಪಾಸಿನ ಗಟ್ಟಿ ಆಳು. "ಯಾರ ಕಳಿಸ್ಯಾರ ನಿಮಗ? ಖರೇ ಹೇಳ್ರಿ!"

ಚಂದ ಕಂಡಿತು, ಅದಕ್ಕೇ ತೆಗೆದೆ ಎಂದೆ. ಆ ಮಾತು ನನಗೇ ಸುಳ್ಳಿನಂತೆ ಕೇಳಿತು. ಅವನು ಸ್ಟ್ಯಾಂಡಿನಿಂದ ಕ್ಯಾಮೆರಾ ಕಿತ್ತುಕೊಂಡು, ಹಿಂದಿನ ಕೊಂಡಿಗೆ ಬೆರಳು ಹಾಕಿ ಎಳೆದೇಬಿಟ್ಟ. ಮುಚ್ಚಳ ತೆರೆಯಿತು; ಬೆಳಕು ಬಿದ್ದರೆ ಒಳಗಿನ ಚಿತ್ರಗಳೆಲ್ಲ ಸುಟ್ಟುಹೋಗುತ್ತವೆ. ನಾನು ಅವನ ಕೈಮೇಲೆ ಬಿದ್ದು, ಸೆರಗಿನಿಂದ ಕ್ಯಾಮೆರಾ ಮುಚ್ಚಿ, ಎರಡೂ ಕೈಯಿಂದ ಮುಚ್ಚಳ ಒತ್ತಿ ಹಿಡಿದೆ. ಅವನೂ ಬಿಡಲಿಲ್ಲ.

"ಬಿಚ್ಚಬ್ಯಾಡ್ರಿ!" ಅಬ್ಬಾ ಕೂಗಿದರು. ಅವರು ಅಷ್ಟು ಜೋರಾಗಿ ಕೂಗಿದ್ದು ನಾನು ಕೇಳಿರಲಿಲ್ಲ. "ಅದರಾಗ ಈಗ ಮಣ್ಣಾದಾಕಿ ಮುಖ ಅದ. ಮತ್ತ ತೆಗಿಲಿಕ್ಕ ಆಗಂಗಿಲ್ಲ. ಬಾಜೂ ಊರಿಗಿ ಹೋಗಿ ಕೇಳ್ರಿ. ನಾವು ಓಡಿಹೋಗಂಗಿಲ್ಲ, ಇಲ್ಲೇ ಕೂಡ್ತೀವಿ."

ಸಾವಿನ ಸುದ್ದಿ ಅವರಿಗೂ ಮುಟ್ಟಿತ್ತು. ಗುಂಪಿನಲ್ಲಿದ್ದ ಮುದುಕರೊಬ್ಬರು ಒಬ್ಬನನ್ನು ಸೈಕಲ್ ಮೇಲೆ ಕಳಿಸಿದರು. ಅವನು ಮರಳಿ ಬರುವವರೆಗೆ ಕ್ಯಾಮೆರಾ ಒಡೆಯನ ಬಳಿಯೇ ಇರಬೇಕೆಂದಾಯಿತು. ಕೊಂಡಿ ಕೂಡಿಸಿ, ನನ್ನ ಸೆರಗಿನ ತುದಿಯನ್ನೇ ಹರಿದು ಸುತ್ತಿ ಕೊಟ್ಟೆ. ಅವನು ಅದನ್ನು ತೊಡೆಯ ಮೇಲಿಟ್ಟುಕೊಂಡು ಬದುವಿನ ಮೇಲೆ ಕೂತ. ನೆರಳಿರಲಿಲ್ಲ. ಅಬ್ಬಾ ಕಣ್ಣುಮುಚ್ಚಿ ತುಟಿಯಲ್ಲೇ ಏನೋ ಓದಿಕೊಳ್ಳುತ್ತಿದ್ದರು. ಕುಡುಗೋಲಿನವನು ನಮ್ಮ ಹಿಂದೆಯೇ ನಿಂತಿದ್ದ. ಆ ಮನೆಯವರು ದುಃಖದಲ್ಲಿ ಯಾರಿಗೂ ಉತ್ತರ ಕೊಡದಿದ್ದರೆ? ಯಾರದೋ ಚಿತ್ರ, ನಮಗೆ ಗೊತ್ತಿಲ್ಲ ಎಂದುಬಿಟ್ಟರೆ?

ಅಷ್ಟರಲ್ಲಿ ಗಣಿಯ ಕಡೆ ಕಲ್ಲು ಸಿಡಿಸುವ ಮುಂಚಿನ ಸೀಟಿ ಊದಿದರು. ಧಡ್ ಎಂದು ಸಿಡಿದ ಸದ್ದಿಗೆ ಕೂತ ನೆಲ ನಡುಗಿತು. ಬದುವಿನ ಮಣ್ಣು ಸಣ್ಣಗೆ ಜಾರಿತು. ಹೊಲದ ಒಡೆಯ ನಮ್ಮ ಕಡೆ ನೋಡದೆಯೇ ಹೇಳಿದ.

"ದಿನಾ ಕೇಳ್ತೀವಿ. ದಿನಾ ಹತ್ತಿರ ಹತ್ತಿರ ಬರ್ಲಿಕತ್ತದ."

ಅವನ ಮೇಲಿನ ನನ್ನ ಸಿಟ್ಟು ಆಗ ಅರ್ಧ ಇಳಿಯಿತು. ಭಯ ಮಾತ್ರ ಇಳಿಯಲಿಲ್ಲ.

ಬಿಸಿಲು ವಾಲುವ ಹೊತ್ತಿಗೆ ಸೈಕಲ್ಲಿನವನ ಹಿಂದೆ ಆ ಮಗಳೇ ನಡೆದುಬಂದಳು, ಅಣ್ಣನನ್ನು ಕರೆದುಕೊಂಡು. ಮಣ್ಣು ಮುಗಿಸಿ ಸ್ನಾನ ಮಾಡಿದ್ದ ಅವಳ ಕೂದಲು ಇನ್ನೂ ಒದ್ದೆಯಿತ್ತು. ಅವಳು ನಮ್ಮ ಕಡೆ ತಿರುಗಲೇ ಇಲ್ಲ, ನೇರವಾಗಿ ಒಡೆಯನ ಮುಂದೆ ಹೋಗಿ ನಿಂತಳು.

"ಯಣ್ಣಾ, ಅದರಾಗ ನಮ್ಮವ್ವ ಇದ್ದಾಳ. ಒಂದೇ ಮುಖ ಉಳದದ ನಮಗ. ಕೊಡು."

ಅವನು ಎದ್ದು, ಎರಡೂ ಕೈಯಲ್ಲಿ ಹಿಡಿದು ಕ್ಯಾಮೆರಾ ಕೊಟ್ಟ. ತಪ್ಪಾಯಿತು ಎನ್ನಲಿಲ್ಲ. "ನೀರು ಕುಡದು ಹೋಗ್ರಿ," ಎಂದು ಅಬ್ಬಾಗೆ ತನ್ನ ತತ್ರಾಣಿ ಚಾಚಿದ.

ಬಸ್ಸಿನುದ್ದಕ್ಕೂ ಕ್ಯಾಮೆರಾವನ್ನು ಎದೆಗೆ ಅವುಚಿಕೊಂಡು ಕೂತೆ. ಮುಚ್ಚಳ ತೆರೆದದ್ದು ನಿಜ, ಬೆಳಕು ಹೊಕ್ಕಿದ್ದು ನಿಜ. ಆ ಮಗಳಿಗೆ ಕೊಡಲು ಏನಾದರೂ ಉಳಿದಿದೆಯೋ ಇಲ್ಲವೋ ಗೊತ್ತಿರಲಿಲ್ಲ. ಮನೆ ಮುಟ್ಟಿದವಳೇ ಊಟಕ್ಕೂ ಕೂರದೆ ಡಾರ್ಕ್‌ರೂಮ್ ಹೊಕ್ಕೆ. ಅಬ್ಬಾ ಕಂಬಳಿಯ ಆಚೆ ಕುರ್ಚಿ ಹಾಕಿಕೊಂಡು ಕೂತರು.

"ಏನ್ ಕಾಣ್ಲಿಕತ್ತದ?"

"ಇನ್ನೂ ತಡೀರಿ ಅಬ್ಬಾ."

ತೊಳೆದ ಫಿಲ್ಮನ್ನು ದೀಪಕ್ಕೆ ಹಿಡಿದೆ. ಬೆಳಕು ತಿಂದ ಕೊನೆಯ ತುದಿಯೆಲ್ಲ ಕಪ್ಪು. ಹೊಲ, ಚಿಮಣಿ, ಬದು ಯಾವುದೂ ಇಲ್ಲ. ಬೆರಳು ಹಿಂದಕ್ಕೆ ಸರಿಸುತ್ತ ಹೋದೆ. ಮೊದಲು ತೆಗೆದ ಚಿತ್ರ ಸುರುಳಿಯ ಒಳಸುತ್ತಿನಲ್ಲಿರುತ್ತದೆ. ಮೇಲಿನ ಸುತ್ತುಗಳು ಬೆಳಕನ್ನು ತಾವು ನುಂಗಿ ಒಳಗಿನದನ್ನು ಕಾಪಾಡಿದ್ದವು. ಮುದುಕಿ ಇದ್ದಳು. ಹಣೆಯ ವಿಭೂತಿ, ಮುಚ್ಚಿದ ಕಣ್ಣು, ಗಲ್ಲದ ಹಚ್ಚೆಯ ಚುಕ್ಕೆ ಕೂಡ. ಭುಜದ ಹತ್ತಿರ ಮಾತ್ರ ಒಂದು ಮಬ್ಬು ಗೆರೆ.

"ಇದ್ದಾಳ ಅಬ್ಬಾ," ಎಂದೆ. ಹೊರಗೆ ಬಂದಾಗ ಅವರು ಅಂಗಿಯ ತೋಳಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು.

ಫೋಟೋ ಕೊಡಲು ಹೋದ ದಿನ ಆ ಮಗಳು ಅದನ್ನು ಕಣ್ಣಿಗೊತ್ತಿಕೊಂಡಳು. ಮರಳಿ ಬಸ್ಸಿಗೆ ನಿಂತಾಗ ಹೊಲದ ಒಡೆಯ ಹುಡುಕಿಕೊಂಡು ಬಂದ. ನಾನು ಕ್ಯಾಮೆರಾವನ್ನು ಸೆರಗಿನಡಿಗೆ ಸರಿಸಿದೆ.

"ಅಕ್ಕಾ, ಅವತ್ತ ತೆಗೆದದ್ದು ನನ್ನ ಹೊಲ ಬಂದದೇನ್ರಿ?"

"ಇಲ್ಲ, ಸುಟ್ಟು ಹೋಗ್ಯದ."

ಅವನು ನೆಲ ನೋಡಿದ. "ಹಂಗಾರ ಮತ್ತೊಮ್ಮಿ ತೆಗಿರಿ. ಇನ್ನ ಭಾಳ ದಿನ ಇರಂಗಿಲ್ಲ ಅದು."

ಹೆಂಡತಿ ಮಕ್ಕಳನ್ನು ಕರೆಸಿ ಹೊಲದ ನಡುವೆ ನಿಲ್ಲಿಸಿದ. ತಾನು ಮಾತ್ರ ಬದುವಿನ ತುದಿಗೆ ಹೋಗಿ, ಸುಣ್ಣದ ಕಲ್ಲು ಕಾಣದಂತೆ ಅದರ ಮುಂದೆ ಕಾಲಗಲಿಸಿ ನಿಂತ. ನಾನು ಮೂರು ಚಿತ್ರ ತೆಗೆದೆ. ಒಂದರಲ್ಲೂ ಅವನು ಕ್ಯಾಮೆರಾ ನೋಡಲಿಲ್ಲ.

ಕೆಲವು ಮಳೆಗಾಲಗಳ ನಂತರ ಬೇರೆ ಮನೆಯ ಮದುವೆಗೆ ಆ ಹೊಲದ ಒಡೆಯನ ಊರಿಗೆ ಹೋದೆ. ಅವನು ಅದೇ ಗಣಿಯಲ್ಲಿ ಕೆಲಸಕ್ಕಿದ್ದ. ಚಹಾಕ್ಕೆ ಮನೆಗೆ ಕರೆದ. ಗೋಡೆಯ ಮೇಲಿದ್ದ ಆ ಫೋಟೋ ತೋರಿಸಿ ಅವನ ಕಿರಿಯ ಮಗಳು, ಅದನ್ನು ತೆಗೆದಾಗ ಇನ್ನೂ ಹುಟ್ಟಿರದವಳು, "ಈ ಹೊಲ ಎಲ್ಲಿ ಅದ?" ಎಂದು ಕೇಳಿದಳು. ಅವನು ಅವಳನ್ನು ಎತ್ತಿಕೊಂಡು ಊರ ಹೊರಗೆ ನಡೆದ. ನಾನೂ ಹಿಂದೆ ಹೋದೆ. ಗಣಿಯ ಅಂಚಿನಲ್ಲಿ ನಿಂತು ಅವನು ಎದುರಿಗೆ ಬೆರಳು ಚಾಚಿದ. ಅಲ್ಲಿ ಬರೀ ಗಾಳಿಯಿತ್ತು, ತುಂಬ ಕೆಳಗೆ ಹಸಿರು ನೀರು.

"ಅಲ್ಲಿ," ಎಂದ.

ಮಗು ಕೆಳಗೆ ಬಗ್ಗಿ ನೋಡಿತು. ಅವನು ಅದರ ನಡು ಗಟ್ಟಿಯಾಗಿ ಹಿಡಿದುಕೊಂಡ.