ಓರಗಿತ್ತಿಯ ಓದು, ಕಾಣದ ಡಿಸ್ಕು

“ಅಕ್ಕಾ, ನಾನಾಗಿ ಏನೂ ಮಾಡಿಲ್ಲ. ಕಂಪ್ಯೂಟರೇ ಕೇಳ್ತಿತ್ತು, ಹೊಸದು ಬಂದಿದೆ, ಹಾಕ್ಲಾ ಅಂತ. ದಿನಾ ಬೆಳಿಗ್ಗೆ ಆನ್ ಮಾಡಿದ್ರೆ ಸಾಕು, ಅದೇ ಪ್ರಶ್ನೆ. ‘ಆಮೇಲೆ’ ಒತ್ತಿ ಒತ್ತಿ ನನಗೂ ಬೇಜಾರಾಯ್ತು. ನಿನ್ನೆ ಮಧ್ಯಾಹ್ನ, ಆಗ್ಲಿ ಬಿಡಪ್ಪಾ ಅಂತ ಒಪ್ಕೊಂಡೆ. ಸುತ್ತಿತು, ಸುತ್ತಿತು, ಆಫ್ ಆಯ್ತು, ಆನ್ ಆಯ್ತು. ಬಣ್ಣ ಎಲ್ಲಾ ಚೆನ್ನಾಗೇ ಬಂದಿದೆ, ಕಿಟಕಿಗೆ ಹೊಸ ಪರದೆ ಹಾಕಿದ ಹಾಗೆ. ಆದ್ರೆ ಡಿಸ್ಕ್ ಇಲ್ಲ. ವೈರ್ ಚುಚ್ಚಿದ್ರೆ ನೀಲಿ ದೀಪ ಹತ್ತುತ್ತೆ, ಒಳಗೆ ಗುಂಯ್ ಅಂತ ತಿರುಗೋದೂ ಕೇಳುತ್ತೆ. ಕಂಪ್ಯೂಟರ್ ಮಾತ್ರ, ಬಾಗಿಲಿಗೆ ಬಂದ ನೆಂಟರನ್ನ ಯಾರು ನೀವು ಅಂದ ಹಾಗೆ ಕೂತಿದೆ. ಅದ್ರೊಳಗೆ ಏನಿದೆ ಅಂತ ನಿಮಗೆ ಗೊತ್ತಲ್ಲ. ಆ ಮಕ್ಕಳ ಪರೀಕ್ಷೆ ಮುಂದಿನ ವಾರ.”

ನನ್ನ ಓರಗಿತ್ತಿ ಅಡುಗೆಮನೆ ಹೊಸ್ತಿಲಲ್ಲಿ ನಿಂತು ಇಷ್ಟು ಹೇಳಿದಳು. ಒಂದೇ ಉಸಿರಿಗೆ ಹೇಳಿದ್ದು ನೋಡಿಯೇ ನನಗೆ ದಿಗಿಲಾಯಿತು. ಏಕೆಂದರೆ ಅವಳು ಯಾವತ್ತೂ ಒಂದೇ ಉಸಿರಿಗೆ ಮಾತಾಡುವವಳಲ್ಲ.

ಅವಳು ನನ್ನ ಮೈದುನನ ಹೆಂಡತಿ. ಮಹಡಿಯ ಮೇಲೆ ಅವರು, ಕೆಳಗೆ ನಾವು. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕುಳಿತು, ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಕೂಗಿ ಹೇಳುವುದು ಅವಳ ಕೆಲಸವಾಗಿತ್ತು. ಸಂತೆಗೆ ಹೋದರೂ ಅವಳ ಮಾತು ಕೇಳಿದವರು ತಿರುಗಿ ನೋಡುತ್ತಿದ್ದರು. ಅಷ್ಟೂ ವರ್ಷದಲ್ಲಿ ಒಂದು ಬಸ್ಸನ್ನೂ ತಪ್ಪು ಪ್ಲಾಟ್‌ಫಾರ್ಮಿಗೆ ಕರೆದವಳಲ್ಲ. ಇದನ್ನು ಅವಳೂ ಹೇಳುತ್ತಾಳೆ, ಊರೂ ಹೇಳುತ್ತದೆ. ಅವಳು ಸ್ವಲ್ಪ ಹೆಚ್ಚೇ ಹೇಳುತ್ತಾಳೆ.

ನಿಲ್ದಾಣಕ್ಕೆ ಯಂತ್ರದ ಧ್ವನಿ ಬಂದ ಮೇಲೆ ಅವಳು ಮನೆ ಸೇರಿದಳು. ಕಣ್ಣು ಕಾಣದ ಮಕ್ಕಳ ಶಾಲೆಯವರು ಬಂದು, ಪಾಠದ ಪುಸ್ತಕ ಓದಿ ಧ್ವನಿಮುದ್ರಿಸಿ ಕೊಡುತ್ತೀರಾ ಎಂದು ಕೇಳಿದರು. ಅಂದಿನಿಂದ ಅವಳ ಚಿಕ್ಕ ಕೋಣೆಯ ಗೋಡೆಗಳಿಗೆ ಹಳೇ ಹಾಸಿಗೆ ಕಟ್ಟಿದ್ದಾಳೆ. ಬಾಗಿಲ ಸಂದಿಗೆ ಹರಿದ ಸೀರೆ ತುರುಕುತ್ತಾಳೆ. ಪ್ರತಿ ವಾಕ್ಯ ಮುಗಿದಾಗಲೂ ಮಕ್ಕಳು ಉಸಿರೆಳೆದುಕೊಳ್ಳುವಷ್ಟು ಹೊತ್ತು ನಿಲ್ಲುತ್ತಾಳೆ. ಅದಕ್ಕೇ ಆ ಮಕ್ಕಳು ಅವಳನ್ನು ‘ಫುಲ್‌ಸ್ಟಾಪ್ ಟೀಚರ್’ ಎನ್ನುತ್ತಾರೆ.

ಮುಗಿದ ಪಾಠವನ್ನು ಮೊದಲು ನಾನು ಕೇಳಬೇಕು. ನನಗೆ ಅರ್ಥವಾಗದಿದ್ದರೆ ತಾನು ಸರಿಯಾಗಿ ಓದಿಲ್ಲವೆಂದು ಮತ್ತೆ ಓದುತ್ತಾಳೆ. ಹೀಗೆ ನನಗೂ ಮೂತ್ರಪಿಂಡದ ಕೆಲಸ, ಗಾಳಿಯ ಒತ್ತಡ ಎಲ್ಲಾ ಈ ವಯಸ್ಸಿನಲ್ಲಿ ತಿಳಿಯಿತು. ನಾನು ಒಪ್ಪಿದ ಪಾಠ ಆ ಡಿಸ್ಕಿಗೆ ಹೋಗುತ್ತದೆ. ಮೊದಲ ಹನ್ನೊಂದು ಪಾಠ ಮಕ್ಕಳ ಕೈ ಸೇರಿದ್ದವು. ಉಳಿದ ಅರ್ಧ ಪುಸ್ತಕ ಆ ಡಿಸ್ಕಿನಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಹೊಸದಾಗಿ ಓದಲು ಹೊರಟರೆ ಪರೀಕ್ಷೆ ಮುಗಿದು ರಜೆಯೂ ಮುಗಿಯುತ್ತದೆ.

ಕಂಪ್ಯೂಟರ್ ರಿಪೇರಿಯವರನ್ನು ಕರೆಸಿದೆವು. ಬೀದಿಯವರೆಲ್ಲ ಅವರನ್ನು ನಿಧಾನಪ್ಪ ಎನ್ನುತ್ತಾರೆ. ಬೆಂಕಿ ಬಿದ್ದರೂ ಚಪ್ಪಲಿ ಜೋಡಿಸಿಟ್ಟು ಒಳಗೆ ಬರುವ ಮನುಷ್ಯ. ಅವರಿಗೂ ನನ್ನ ಓರಗಿತ್ತಿಗೂ ಹಳೆಯದೊಂದು ಜಗಳವಿತ್ತು. ಡಿಸ್ಕು ತಿರುಗುವ ಸದ್ದು ಮೈಕಿಗೆ ಸಿಗುತ್ತದೆಂದು ಅವಳು ಓದಲು ಕೂತ ಕೂಡಲೇ ಅದರ ವೈರನ್ನು ಕಿತ್ತುಬಿಡುತ್ತಿದ್ದಳು. ಹಾಗೆ ಕೀಳಬೇಡಿ, ಮೊದಲು ಕಂಪ್ಯೂಟರಿಗೆ ಹೇಳಿ ಆಮೇಲೆ ತೆಗೆಯಿರಿ, ಊಟ ಮಾಡುವವನ ಮುಂದಿಂದ ತಟ್ಟೆ ಎಳೆಯಬಾರದು ಎಂದು ಅವರು ಬಂದಾಗಲೆಲ್ಲ ಹೇಳುತ್ತಿದ್ದರು. ಅವಳು ತಲೆಯಾಡಿಸುತ್ತಿದ್ದಳು. ಆಮೇಲೆ ಕೀಳುತ್ತಿದ್ದಳು.

ನಿಧಾನಪ್ಪ ಬೇರೆ ವೈರ್ ಹಾಕಿದರು, ಕಾಣಲಿಲ್ಲ. ಕಂಪ್ಯೂಟರಿನ ಮುಂದಿನ ತೂತು ಬಿಟ್ಟು ಹಿಂದಿನದಕ್ಕೆ ಚುಚ್ಚಿದರು, ಕಾಣಲಿಲ್ಲ. ಡಿಸ್ಕುಗಳನ್ನೆಲ್ಲ ಸಾಲಾಗಿ ತೋರಿಸುವ ಪುಟವೊಂದನ್ನು ತೆರೆದರು. ಅಲ್ಲಿ ಇತ್ತು. ಹೊಸ ವ್ಯವಸ್ಥೆ ಬಂದಾಗ ಇದನ್ನು ಗುರುತಿಸುವ ಅಕ್ಷರ ಕಳೆದುಹೋಗಿದೆ, ಮನೆ ಇದೆ, ಬಾಗಿಲಿಗೆ ನಂಬರಿಲ್ಲ ಅಷ್ಟೇ ಎಂದರು. ಒಂದು ಅಕ್ಷರ ಕೊಟ್ಟರು. ಡಿಸ್ಕು ಎದ್ದು ಕಂಡಿತು. ಬಾಗಿಲಿಗೆ ಒರಗಿ ನಿಂತಿದ್ದ ಮೈದುನ, ಇಷ್ಟಕ್ಕೇ ಬೆಳಿಗ್ಗೆಯಿಂದ ನನಗೆ ಕಾಫಿ ಇಲ್ಲವಾ ಎಂದು ನಕ್ಕ.

ನಿಧಾನಪ್ಪ ಅದರ ಮೇಲೆ ಒತ್ತಿದರು. ಒಂದು ಚೌಕ ಬಂತು. ಓರಗಿತ್ತಿ ಅಭ್ಯಾಸಬಲದಿಂದ ಅದನ್ನು ಗಟ್ಟಿಯಾಗಿ ಓದಿದಳು. ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಿದ ಹೊರತು ಬಳಸಲಾಗದು, ಮಾಡಲೇ ಎಂದು ಅದು ಕೇಳುತ್ತಿತ್ತು. ಫಾರ್ಮ್ಯಾಟ್ ಎಂದರೆ ಎಲ್ಲಾ ಅಳಿಸಿ ಖಾಲಿ ಮಾಡುವುದು ಎಂದು ನನಗೂ ಗೊತ್ತಿತ್ತು. ಯಾರೂ ನಗಲಿಲ್ಲ.

ನಿಧಾನಪ್ಪ ‘ಬೇಡ’ ಒತ್ತಿ ಕನ್ನಡಕ ತೆಗೆದು ಒರೆಸಿಕೊಂಡರು.

“ಮೇಡಂ, ಒಂದು ಮಾತು. ನಿನ್ನೆ ಅದು ಸುತ್ತುತ್ತಾ ಇರೋವಾಗ ಮಧ್ಯದಲ್ಲಿ ವೈರ್ ಕಿತ್ರಾ?”

“ಇಲ್ಲ,” ಎಂದಳು ಅವಳು. ಬಸ್ಸು ಹೊರಡುವ ಹೊತ್ತು ಹೇಳುವಷ್ಟು ಸ್ಪಷ್ಟವಾಗಿ ಹೇಳಿದಳು.

ಹಾಗಾದರೆ ಸುಲಭ, ಅಕ್ಷರದ ಗಲಾಟೆಯಲ್ಲಿ ಏನೋ ಅಡ್ಡಾದಿಡ್ಡಿಯಾಗಿದೆ, ರಿಪೇರಿ ಒತ್ತಿದರೆ ಅದೇ ಸರಿಪಡಿಸಿ ಬರೆದುಕೊಳ್ಳುತ್ತದೆ ಎಂದರು ಅವರು. ಕಿತ್ತಿದ್ದರೆ ಬೇರೆ ಕಥೆ. ಆಗ ಅದರ ಮೇಲೆ ಏನು ಬರೆದರೂ ಉಳಿದದ್ದು ಕೂಡ ಹೋಗಬಹುದು. ಮೊದಲು ಇಡೀ ಡಿಸ್ಕಿನ ನಕಲು ತೆಗೆದು, ಆ ನಕಲಿನ ಮೇಲೆ ಕೆಲಸ ಮಾಡಬೇಕು. ಹೀಗೆ ಹೇಳುತ್ತಲೇ ಅವರು ಮೌಸಿನ ಮೇಲೆ ಕೈಯಿಟ್ಟರು.

ನಿನ್ನೆ ಮಧ್ಯಾಹ್ನ ನಾನು ಕೆಳಗೆ ಅಕ್ಕಿ ಆರಿಸುತ್ತ ಕುಳಿತಿದ್ದಾಗ ಮೇಲಿಂದ ಅವಳ ಓದು ಕೇಳಿಸುತ್ತಿತ್ತು. ಡಿಸ್ಕು ತಿರುಗುತ್ತಿದ್ದರೆ ಅವಳು ಒಂದು ಸಾಲೂ ಓದುವವಳಲ್ಲ. ಆದರೆ ಗಂಡನ ಎದುರು, ಹೊರಗಿನವರ ಎದುರು ಅವಳನ್ನು ಸುಳ್ಳಿಯೆನ್ನಲು ನನ್ನ ನಾಲಿಗೆ ಏಳಲಿಲ್ಲ.

“ನಿನ್ನೆ ಮಧ್ಯಾಹ್ನ ಏನೋ ಓದ್ತಿದ್ದೆ ಅಲ್ವೇನೇ?” ಎಂದು ಮೆಲ್ಲಗೆ ಕೇಳಿದೆ. “ಕೆಳಗೆ ಕೇಳಿಸ್ತಿತ್ತು.”

ಅವಳು ನನ್ನ ಕಡೆ ನೋಡಲಿಲ್ಲ. ನಿಧಾನಪ್ಪನ ಬೆರಳನ್ನು ನೋಡುತ್ತಿದ್ದಳು. ಆ ಬೆರಳು ಇನ್ನೇನು ಒತ್ತಬೇಕು.

“ನಿಲ್ಲಿಸಿ,” ಎಂದಳು. “ಕಿತ್ತೆ. ಅದು ಅರ್ಧ ಆಗಿರೋವಾಗ. ಸುಮ್ನೆ ಕೂತಿರೋ ಬದಲು ಮುಂದಿನ ಪುಸ್ತಕದ ಮೊದಲ್ನೇ ಪಾಠ ಒಂದ್ಸಲ ಬಾಯಿಗೆ ಬರ್ಲಿ ಅಂತ ಓದೋಕೆ ಕೂತೆ. ಮೈಕೂ ಇರ್ಲಿಲ್ಲ, ಏನೂ ಇರ್ಲಿಲ್ಲ. ಗುಂಯ್ ಅಂತಿತ್ತು, ಕೈ ತಾನೇ ಹೋಯ್ತು.”

ನಿಧಾನಪ್ಪ ಮೌಸಿನಿಂದ ಕೈ ತೆಗೆದರು. ಬೈಯಲಿಲ್ಲ. ಈಗ ಹೇಳಿದ್ದು ಒಳ್ಳೆಯದಾಯಿತೆಂದು ಅಷ್ಟೇ ನುಡಿದು, ನಕಲಿಗೆ ದೊಡ್ಡ ಡಿಸ್ಕು ತರಲು ಅಂಗಡಿಗೆ ಹೋದರು. ನಾನು ಕಂಡಂತೆ ಆ ಮನುಷ್ಯ ಬೇಗ ಬೇಗ ಮೆಟ್ಟಿಲಿಳಿದದ್ದು ಅದೊಂದೇ ಸಲ.

ಮೈದುನ ಸುಮ್ಮನಿರಬೇಕಲ್ಲ. “ಅಂತೂ ಒಂದು ಬಸ್ಸು ತಪ್ಪು ಪ್ಲಾಟ್‌ಫಾರ್ಮಿಗೆ ಬಂತು,” ಎಂದ.

“ಬಂತು. ನೀವೇ ಹತ್ಕೊಂಡು ಹೋಗಿ,” ಎಂದಳು ಅವಳು. ಮುಖ ಕೆಂಪಾಗಿತ್ತು.

ನಕಲು ಇಳಿಯಲು ಸಂಜೆಯಾಯಿತು. ಪರದೆಯ ಮೇಲೆ ಹಸಿರು ಗೆರೆ ಇರುವೆಯಂತೆ ಮುಂದೆ ಸಾಗುತ್ತಿತ್ತು, ನಡುನಡುವೆ ನಿಂತುಬಿಡುತ್ತಿತ್ತು. ನಿಂತಾಗಲೆಲ್ಲ ಅವಳು ಎದ್ದು ಕಿಟಕಿಯ ತನಕ ಹೋಗಿ ಬರುತ್ತಿದ್ದಳು. ಮಧ್ಯಾಹ್ನದ ಅನ್ನ ತಟ್ಟೆಯಲ್ಲೇ ಒಣಗಿತು. ಆಮೇಲೆ ನಿಧಾನಪ್ಪ ಆ ನಕಲನ್ನು ಕೆದಕಿ ಪಾಠಗಳನ್ನು ಒಂದೊಂದಾಗಿ ಹೊರಗೆ ತೆಗೆದರು. ಹೆಸರುಗಳೆಲ್ಲ ಕಲಸಿಹೋಗಿದ್ದವು. ಯಾವುದು ಯಾವುದೆಂದು ಕೇಳಿಯೇ ತಿಳಿಯಬೇಕಾಗಿತ್ತು. ಹೆಡ್‌ಫೋನ್ ನನ್ನ ಕಿವಿಗೆ ಹಾಕಿದರು. ಹನ್ನೆರಡನೇ ಪಾಠ ಸಿಕ್ಕಿತು, ಹದಿಮೂರು ಸಿಕ್ಕಿತು. ಸಿಕ್ಕಿದ ಹಾಗೆಲ್ಲ ನಾನು ಬೆರಳೆತ್ತುತ್ತಿದ್ದೆ, ಅವಳು ಕೂರುತ್ತಿದ್ದಳು. ಎಲ್ಲಾ ಸಿಕ್ಕವು, ಕೊನೆಯದೊಂದು ಬಿಟ್ಟು. ಅದು ನಾಲ್ಕು ವಾಕ್ಯ ಆಗುವಷ್ಟರಲ್ಲಿ ಕರಕರ ಎಂದು ಮುರಿದುಹೋಗಿತ್ತು. ವೈರ್ ಕಿತ್ತಾಗ ಡಿಸ್ಕು ನುಂಗುತ್ತಿದ್ದ ತುತ್ತು ಅದೇ ಇರಬೇಕು.

ಅಷ್ಟರಲ್ಲಿ ಶಾಲೆಯಿಂದ ಒಬ್ಬ ಹುಡುಗಿ ಫೋನ್ ಮಾಡಿದಳು. ಉಳಿದ ಪಾಠ ಯಾವಾಗ ಬರುತ್ತವೆ ಎಂದು ಕೇಳಿದಳು. ಕಂಪ್ಯೂಟರ್ ಕೆಟ್ಟಿದೆ ಎಂದರೆ ಆಗುತ್ತಿತ್ತು.

“ನಾಳೆ ಬೆಳಿಗ್ಗೆ ಕಳಿಸ್ತೀನಿ ಪುಟ್ಟಿ. ಕೊನೇದು ಮಾತ್ರ ನಾಡಿದ್ದು. ನನ್ನ ತಪ್ಪಿಂದ ಹಾಳಾಯ್ತು, ಮತ್ತೆ ಓದ್ತೀನಿ,” ಎಂದಳು ಓರಗಿತ್ತಿ. ಅತ್ತಲಿಂದ ಆ ಹುಡುಗಿ ಏನು ಹೇಳಿದಳೋ, ಇವಳು ಫೋನಿಟ್ಟು ಪುಸ್ತಕದಲ್ಲಿ ಕೊನೆಯ ಪಾಠ ತೆರೆದಿಟ್ಟಳು.

ನಿಧಾನಪ್ಪ ಪಾಠಗಳನ್ನು ಎರಡು ಕಡೆ ಹಾಕಿಕೊಟ್ಟು, ಚಪ್ಪಲಿ ಮೆಟ್ಟಿಕೊಂಡು ಹೋದರು. ಮೈದುನ ತಾನೇ ಕಾಫಿ ಕಾಸಿಕೊಂಡು ಹಾಲು ಉಕ್ಕಿಸಿದ್ದ. ಓರಗಿತ್ತಿ ಒಲೆಕಟ್ಟೆ ಒರೆಸಿ, ಮಧ್ಯಾಹ್ನದಿಂದ ಹಾಗೇ ಬಿದ್ದಿದ್ದ ಪಾತ್ರೆಗಳನ್ನು ನಲ್ಲಿಯ ಕೆಳಗೆ ಇಟ್ಟಳು. ಅವಳು ಉಜ್ಜಿ ಉಜ್ಜಿ ಕೊಟ್ಟಳು, ನಾನು ತೊಳೆದು ಬೋರಲು ಹಾಕಿದೆ.